ಪಕ್ಕದ ಮನೆಯ ಭಾಷೆ: ಮಂಗಳೂರಿಗೆ ಬಂದು ತುಳು ಕಲಿಯಹೊರಟವರಿಗೆ

ಹಾಸನದ ಕಡೆಯಿಂದ ಮಂಗಳೂರಿಗೆ ವರ್ಗವಾಗಿ ಬಂದ ಮೊದಲ ವಾರದ ಮಾತು. ಸ್ಟೇಟ್ ಬ್ಯಾಂಕ್ ಎಂಬ ಬಸ್ ನಿಲ್ದಾಣದಿಂದ ಕಂಕನಾಡಿಯ ಕಡೆಗೆ ಹೋಗುವ ಸಿಟಿ ಬಸ್ಸಿನ ಬಾಗಿಲ ಬಳಿ ನಿಂತಿದ್ದೆ. ನಾನು ಇಳಿಯಬೇಕಾದ ನಿಲ್ದಾಣ ಬಂದಾಗ ಕಂಡಕ್ಟರು ನನ್ನತ್ತ ನೋಡಿ “ಬೇಗ ಜಪ್ಪುಲೆ, ಜಪ್ಪುಲೆ” ಎಂದು ಅವಸರಪಡಿಸಿದರು. ನಮ್ಮ ಕಡೆಯ ಕನ್ನಡದಲ್ಲಿ ಜಪ್ಪುವುದೆಂದರೆ ಬಡಿಯುವುದು. ಬಸ್ಸಿನ ತಗಡನ್ನು ಬಡಿಯಲು ಹೇಳುತ್ತಿದ್ದಾರೆಂದು ತಿಳಿದು ನಾನು ಎರಡು ಏಟು ಹಾಕಿದೆ. ಡ್ರೈವರು ಅದನ್ನು ‘ರೈಟ್’ ಎಂದು ಭಾವಿಸಿ ಬಸ್ಸನ್ನು ಹೊರಡಿಸಿಯೇ ಬಿಟ್ಟರು. ತುಳುವಿನಲ್ಲಿ ಜಪ್ಪುವುದೆಂದರೆ ಇಳಿಯುವುದು ಎಂಬುದು ಮುಂದಿನ ನಿಲ್ದಾಣದಲ್ಲಿ ಇಳಿದು, ಬಂದ ದಾರಿಯಲ್ಲಿ ಹಿಂದಕ್ಕೆ ನಡೆಯುವಾಗ ನನಗೆ ತಿಳಿಯಿತು.

ದೂರದ ಭಾಷೆಯೊಂದನ್ನು ಕಲಿಯಹೊರಟವನಿಗೆ ತನಗೆ ಏನೂ ಗೊತ್ತಿಲ್ಲವೆಂಬ ಅರಿವು ಮೊದಲ ದಿನದಿಂದಲೇ ಇರುತ್ತದೆ. ತುಳುವಿನಂತಹ ನೆರೆಯ ಭಾಷೆಯ ಮುಂದೆ ನಿಂತ ಕನ್ನಡಿಗನಿಗೆ ಆ ಅನುಕೂಲವಿಲ್ಲ. ಅರ್ಧ ಅರ್ಥವಾಗುತ್ತದೆ, ಉಳಿದರ್ಧವನ್ನು ಊಹೆ ತುಂಬುತ್ತದೆ, ಆ ಊಹೆ ಎಲ್ಲಿ ತಪ್ಪಿತೆಂದು ಹೇಳುವವರು ಯಾರೂ ಇರುವುದಿಲ್ಲ. ಇದರ ಮೇಲೆ ಮಂಗಳೂರಿನವರ ಸೌಜನ್ಯವೊಂದಿದೆ: ಎದುರಿಗಿರುವವರು ತುಳುವರಲ್ಲವೆಂದು ತಿಳಿದ ಮರುಕ್ಷಣವೇ ಅವರು ಶುದ್ಧವಾದ ಕನ್ನಡಕ್ಕೆ ಬದಲಾಗುತ್ತಾರೆ. ಹೀಗಾಗಿ ಹತ್ತು ವರ್ಷ ಇಲ್ಲಿದ್ದೂ “ನನಗೆ ಅರ್ಥವಾಗುತ್ತದೆ, ಮಾತಾಡಲು ಬರುವುದಿಲ್ಲ” ಎನ್ನುವವರು ಪ್ರತಿ ಕಚೇರಿಯಲ್ಲಿಯೂ ಇದ್ದಾರೆ. ನಾನೂ ಮೂರು ವರ್ಷ ಆ ಗುಂಪಿನಲ್ಲಿದ್ದವನು. ಈ ಲೇಖನ ಅಂಥವರಿಗಾಗಿ. ಇಲ್ಲಿ ಆರಂಭವೆಂಬುದು ತಾನಾಗಿ ಒದಗುವುದಿಲ್ಲ, ಅದನ್ನು ನಾವೇ ಹೂಡಬೇಕಾಗುತ್ತದೆ. ಹೂಡುವ ಬಗೆಯನ್ನು ನನಗೆ ಕೈಗೂಡಿದ ಕ್ರಮದಲ್ಲಿಯೇ ಬರೆಯುತ್ತೇನೆ.

ಮೊದಲು ಎಲ್ಲಿ, ಯಾವಾಗ ಎಂಬುದನ್ನು ನಿರ್ಧರಿಸಿಕೊಳ್ಳಿ

2011ರ ಜನಗಣತಿಯ ಪ್ರಕಾರ ತುಳುವನ್ನು ತಾಯ್ನುಡಿಯೆಂದು ಹೇಳಿಕೊಂಡವರು 18 ಲಕ್ಷಕ್ಕೂ ಹೆಚ್ಚು. ಆದರೆ ಕರಾವಳಿಯ ಎಲ್ಲ ಕಡೆಯೂ ತುಳು ನಡೆಯುತ್ತದೆಂದು ತಿಳಿಯಬಾರದು. ಉಡುಪಿಯಿಂದ ಉತ್ತರಕ್ಕೆ ಹೊರಟು ಬ್ರಹ್ಮಾವರವನ್ನು ದಾಟುತ್ತಿದ್ದಂತೆ ಕುಂದಗನ್ನಡ, ಅಂದರೆ ಕುಂದಾಪುರದ ಕಡೆಯ ಕನ್ನಡ, ಕಿವಿಗೆ ಬೀಳತೊಡಗುತ್ತದೆ. ಕುಂದಾಪುರದಲ್ಲಿ ಕೆಲಸಕ್ಕೆ ಸೇರಿದವರು ತುಳು ಪುಸ್ತಕ ಹಿಡಿದು ಕುಳಿತರೆ ಪ್ರಯೋಜನವಿಲ್ಲ. ಮಂಗಳೂರಿನಲ್ಲಿಯೂ ಬೀದಿಯಿಂದ ಬೀದಿಗೆ ಕೊಂಕಣಿ, ಬ್ಯಾರಿ, ಮಲಯಾಳಂ ಎಂದು ಬದಲಾಗುತ್ತದೆ. ಆದ್ದರಿಂದ ನೀವು ದಿನವೂ ಓಡಾಡುವ ನಾಲ್ಕು ಜಾಗಗಳನ್ನು ಗುರುತು ಮಾಡಿಕೊಂಡು, ಅಲ್ಲಿ ಜನ ತಮ್ಮತಮ್ಮಲ್ಲಿ ಏನು ಮಾತಾಡುತ್ತಾರೆಂಬುದನ್ನು ಒಂದು ವಾರ ಸುಮ್ಮನೆ ಗಮನಿಸಿ, ತುಳು ಹೆಚ್ಚಾಗಿ ಕೇಳುವ ಒಂದು ಜಾಗವನ್ನು ಆರಿಸಿಕೊಳ್ಳಬೇಕು. ಒಂದೇ ಸಾಕು.

ಕಾಲದ ವಿಷಯದಲ್ಲಿ ನನ್ನ ಅಭಿಪ್ರಾಯ ಸ್ವಲ್ಪ ವಿಚಿತ್ರವಾಗಿ ಕಾಣಬಹುದು. ತುಳುವರ ಆಟಿ ತಿಂಗಳಲ್ಲಿ, ಅಂದರೆ ಸುಮಾರು ಜುಲೈ ನಡುವಿನಿಂದ ಆಗಸ್ಟ್ ನಡುವಿನವರೆಗೆ, ಶುಭಕಾರ್ಯಗಳನ್ನು ಆರಂಭಿಸುವುದಿಲ್ಲ. ನಾನು ಆರಂಭಿಸಿದ್ದು ಆಟಿಯಲ್ಲಿಯೇ, ಅದೂ ಗೊತ್ತಿಲ್ಲದೆ. ಆದರೆ ಅದಕ್ಕಿಂತ ಒಳ್ಳೆಯ ಕಾಲ ಇಲ್ಲವೆಂದು ಈಗ ಅನ್ನಿಸುತ್ತದೆ. ಮಳೆ ಬಿಡದೆ ಸುರಿಯುತ್ತಿರುತ್ತದೆ, ಮದುವೆ ಮುಂಜಿಗಳ ಓಡಾಟ ಇರುವುದಿಲ್ಲ, ಜುಲೈ ಕೊನೆಯವರೆಗೆ ಯಾಂತ್ರಿಕ ದೋಣಿಗಳ ಮೀನುಗಾರಿಕೆಗೆ ನಿಷೇಧವಿರುವುದರಿಂದ ಮೀನು ಮಾರುವವರ ಬಳಿಯೂ ಗಿರಾಕಿಗಳ ನೂಕುನುಗ್ಗಲಿರುವುದಿಲ್ಲ. ಅಂಗಡಿಯ ಮಾಡಿನ ಕೆಳಗೆ ಮಳೆ ನಿಲ್ಲುವುದನ್ನು ಕಾಯುತ್ತ ನಿಂತವರ ಮುಂದೆ ಮಾತಿನ ಹೊರತು ಬೇರೆ ಕೆಲಸವಿಲ್ಲ.

ಹದಿನೈದು ದಿನ ಕಿವಿಗೆ ಮಾತ್ರ ಕೆಲಸ

ಮಾತಾಡುವ ಅವಸರ ಬೇಡ. ಮೊದಲ ಹದಿನೈದು ದಿನ ಎರಡು ಧ್ವನಿಗಳನ್ನು ಹಿಡಿಯುವುದಕ್ಕೆ ಕಿವಿಯನ್ನು ಪಳಗಿಸಬೇಕು, ಏಕೆಂದರೆ ಇವೆರಡೂ ಕನ್ನಡದಲ್ಲಿಲ್ಲ ಮತ್ತು ಕನ್ನಡದ ಕಿವಿ ಇವನ್ನು ಕೇಳಿಸಿಕೊಳ್ಳಲು ನಿರಾಕರಿಸುತ್ತದೆ.

ಒಂದನೆಯದು ಪದದ ಕೊನೆಯ ಅರೆ ಉಕಾರ. ತುಳುವಿನಲ್ಲಿ ಹತ್ತಕ್ಕೆ ‘ಪತ್ತ್’ ಎನ್ನುತ್ತಾರೆ. ಇದನ್ನು ಕನ್ನಡಿಗರು ‘ಪತ್ತು’ ಎನ್ನುತ್ತಾರೆ, ಇಲ್ಲವೇ ಕೊನೆಯನ್ನು ತಕ್ಷಣ ಕತ್ತರಿಸಿ ನಿಲ್ಲಿಸುತ್ತಾರೆ, ಎರಡೂ ಸರಿಯಲ್ಲ. ‘ಪತ್ತು’ ಎಂದು ಹೇಳುವಾಗ ತುಟಿ ದುಂಡಗಾಗುತ್ತದೆಯಲ್ಲವೇ, ಅದನ್ನು ದುಂಡಗಾಗಲು ಬಿಡದೆ, ಮುಗುಳ್ನಗುವಾಗ ಇರುವಂತೆ ಅಗಲವಾಗಿಯೇ ಇರಿಸಿಕೊಂಡು ಅದೇ ಉಕಾರವನ್ನು ಮೆಲ್ಲಗೆ ಉಚ್ಚರಿಸಿದರೆ ಬರುವುದೇ ಆ ಧ್ವನಿ. ಮಲಯಾಳಂ ಬಲ್ಲವರಿಗೆ ಇದು ಹೊಸದಲ್ಲ. ಕನ್ನಡಿಯ ಮುಂದೆ ನಿಂತು ಒಂದರಿಂದ ಹತ್ತರವರೆಗೆ ಹೇಳಿಕೊಳ್ಳುವುದು ಒಳ್ಳೆಯ ಅಭ್ಯಾಸ: ಒಂಜಿ, ರಡ್ಡ್, ಮೂಜಿ, ನಾಲ್, ಐನ್, ಆಜಿ, ಏಳ್, ಎಣ್ಮ, ಒರ್ಂಬ, ಪತ್ತ್.

ಎರಡನೆಯದು ಇದಕ್ಕಿಂತ ಸೂಕ್ಷ್ಮ. ತುಳುವಿನಲ್ಲಿ ಎರಡು ಬಗೆಯ ಎಕಾರಗಳಿವೆ. ‘ನಾನು ಹೋಗುತ್ತೇನೆ’ ಎಂಬುದು ‘ಯಾನ್ ಪೋಪೆ’. ‘ಅವನು ಹೋಗುತ್ತಾನೆ’ ಎಂಬುದೂ ಬರಹದಲ್ಲಿ ‘ಆಯೆ ಪೋಪೆ’. ಕನ್ನಡ ಲಿಪಿಯಲ್ಲಿ ಎರಡೂ ಒಂದೇ ಆಗಿ ಕಂಡರೂ ಬಾಯಲ್ಲಿ ಬೇರೆಬೇರೆ. ಮೊದಲನೆಯದರ ಕೊನೆಯ ಎಕಾರಕ್ಕೆ ಬಾಯಿ ಹೆಚ್ಚು ತೆರೆಯುತ್ತದೆ, ನಾವು ‘ಬ್ಯಾಟು’, ‘ಬ್ಯಾಂಕು’ ಎನ್ನುವಾಗ ಬರುವ ಸ್ವರದ ಕಡೆಗೆ ಅದು ವಾಲುತ್ತದೆ. ಎರಡನೆಯದು ನಮ್ಮ ಮಾಮೂಲಿ ಎಕಾರ. ಯಾನ್, ಆಯೆ ಎಂಬ ಪದಗಳನ್ನು ಮಾತಿನ ಓಘದಲ್ಲಿ ಬಿಟ್ಟುಬಿಡುವುದೇ ಹೆಚ್ಚು, ಆಗ ಹೋಗುವವರು ಯಾರೆಂಬುದನ್ನು ಈ ಒಂದು ಸ್ವರವೇ ಹೇಳಬೇಕಾಗುತ್ತದೆ. ಕಚೇರಿಯ ಊಟದ ಹೊತ್ತಿನಲ್ಲಿ ಒಮ್ಮೆ “ಎಲ್ಲೆ ಬರ್ಪೆ” ಎಂದು ನಾನು ಹೇಳಿದಾಗ, ನಾಳೆ ಬರುವವನು ಯಾರೆಂದು ಇಬ್ಬರು ಒಟ್ಟಿಗೆ ಕೇಳಿದರು. ನಾಳೆ ಬರಬೇಕಾಗಿದ್ದವನು ನಾನೇ.

ಈ ಹದಿನೈದು ದಿನ ಒಂದು ಸಣ್ಣ ಪುಸ್ತಕ ಇಟ್ಟುಕೊಳ್ಳಿ. ಕನ್ನಡ ಲಿಪಿಯಲ್ಲಿಯೇ ಬರೆಯಿರಿ, ಆದರೆ ಅರೆ ಉಕಾರಕ್ಕೂ ತೆರೆದ ಎಕಾರಕ್ಕೂ ನಿಮ್ಮದೇ ಆದ ಗುರುತು ಹಾಕಿಕೊಳ್ಳಿ. ನಾನು ತೆರೆದ ಎಕಾರದ ಅಡಿಗೆ ಒಂದು ಗೆರೆ ಎಳೆಯುತ್ತಿದ್ದೆ. ಬಲಗಡೆಯ ಪುಟ ಕಿವಿಗೆ ಬಿದ್ದದ್ದಕ್ಕೆ, ಎಡಗಡೆಯ ಪುಟವನ್ನು ಸದ್ಯಕ್ಕೆ ಖಾಲಿ ಬಿಟ್ಟಿರಿ. ಅದರ ಕೆಲಸ ಮುಂದೆ ಬರುತ್ತದೆ.

ಕನ್ನಡವೆಂಬ ಸೇತುವೆ, ಮತ್ತು ಅದರ ಮುರಿದ ಹಲಗೆಗಳು

ಶಾಲೆಯಲ್ಲಿ ಹಳೆಗನ್ನಡ ಓದಿದವರಿಗೆ ಇಲ್ಲಿ ಒಂದು ಲಾಭವಿದೆ. ಕನ್ನಡದಲ್ಲಿ ಪದದ ಮೊದಲಿನ ಪಕಾರ ಕಾಲಕ್ರಮದಲ್ಲಿ ಹಕಾರವಾಯಿತು, ತುಳುವಿನಲ್ಲಿ ಆಗಲಿಲ್ಲ. ಆದ್ದರಿಂದ ಹೂ ಇಲ್ಲಿ ಪೂ, ಹೊಸತು ಪೊಸತ್, ಹುಲಿ ಪಿಲಿ, ಹಬ್ಬ ಪರ್ಬ, ಹೆಣ್ಣು ಪೊಣ್ಣು, ಹೆಸರು ಪುದರ್. ಹಾಗೆಯೇ ಒಂದು ಒಂಜಿಯಾದಂತೆ ಹಂದಿ ಪಂಜಿಯಾಗುತ್ತದೆ. ಮೂರು ಮೂಜಿ, ಆರು ಆಜಿ. ಇಂತಹ ಜೋಡಿಗಳನ್ನು ಒಂದು ಪುಟದಲ್ಲಿ ಬರೆದುಕೊಂಡರೆ ಒಂದೇ ಸಂಜೆಯಲ್ಲಿ ಐವತ್ತು ಪದಗಳು ಕೈಗೆ ಬರುತ್ತವೆ. ಇದನ್ನು ಕಂಡು ತುಳು ಎಂದರೆ ಹಳೆಗನ್ನಡದ ಒಂದು ರೂಪವೆಂದು ತೀರ್ಮಾನಿಸುವವರಿದ್ದಾರೆ, ಅದು ತಪ್ಪು. ಎರಡೂ ದ್ರಾವಿಡ ಮೂಲದಿಂದ ಬೇರೆಬೇರೆಯಾಗಿ ಕವಲೊಡೆದ ಭಾಷೆಗಳು. ಈ ಲೆಕ್ಕಾಚಾರದ ಮೇಲೆ ಹೆಚ್ಚು ಭರವಸೆ ಇಟ್ಟರೆ ಮುಗ್ಗರಿಸುವುದೂ ಖಂಡಿತ, ಏಕೆಂದರೆ ಹಾಲು ಇಲ್ಲಿ ‘ಪಾಲು’ ಅಲ್ಲ, ‘ಪೇರ್’.

ಮುಗ್ಗರಿಸುವ ಜಾಗಗಳನ್ನು ಮೊದಲೇ ತಿಳಿದುಕೊಳ್ಳುವುದು ಒಳ್ಳೆಯದು. ‘ಇಲ್ಲ್’ ಎಂದರೆ ಮನೆ. “ಇಲ್ಲಡ್ ಏರ್ ಉಳ್ಳೆರ್?” ಎಂದು ಯಾರಾದರೂ ಕೇಳಿದರೆ ಅದು ಮನೆಯಲ್ಲಿ ಯಾರಿದ್ದಾರೆಂಬ ಪ್ರಶ್ನೆ, ನಿರಾಕರಣೆಯಲ್ಲ. ‘ಎಲ್ಲೆ’ ಎಂದರೆ ನಾಳೆ. ದರ್ಜಿಯವರು “ಎಲ್ಲೆ ಬಲೆ” ಎಂದಾಗ ನಾನು ಎಲ್ಲಿಗೆ ಬರಬೇಕೆಂದು ಕೇಳಿ ಅವರನ್ನು ಕಕ್ಕಾಬಿಕ್ಕಿ ಮಾಡಿದ್ದೇನೆ. ‘ಕೋಡೆ’ ನಿನ್ನೆ, ‘ಬರ್ಸ’ ಮಳೆ, ‘ಬಾಲೆ’ ಮಗು. ಬಾಳೆಯ ಗಿಡಕ್ಕೆ ‘ಬಾರೆ’ ಎನ್ನುತ್ತಾರೆ. ಇವೆಲ್ಲಕ್ಕೂ ಕಿರೀಟವಿಟ್ಟಂತಿರುವುದು ತಂದೆತಾಯಿಯರ ಹೆಸರುಗಳು: ‘ಅಪ್ಪೆ’ ಎಂದರೆ ತಾಯಿ, ‘ಅಮ್ಮೆ’ ಎಂದರೆ ತಂದೆ. ಈಗಿನ ಹುಡುಗರು ಮನೆಯಲ್ಲಿ ಅಮ್ಮ, ಪಪ್ಪ ಎನ್ನುವುದೇ ಹೆಚ್ಚಾದರೂ ಹಿರಿಯರ ಬಾಯಲ್ಲಿ ಹಳೆಯ ಪದಗಳು ಇನ್ನೂ ಇವೆ. ಸಹೋದ್ಯೋಗಿಯೊಬ್ಬರು “ಎನ್ನ ಅಮ್ಮೆ ಬೈದೆರ್”, ಅಂದರೆ ನನ್ನ ತಂದೆ ಬಂದಿದ್ದಾರೆ, ಎಂದಾಗ ನಾನು ಬಾಗಿಲಲ್ಲಿ ನಿಂತಿದ್ದ ಹಿರಿಯ ಗಂಡಸರನ್ನು ಬಿಟ್ಟು ಅವರ ಹಿಂದೆ ಯಾರಾದರೂ ಹೆಂಗಸರು ಬರುತ್ತಿದ್ದಾರೆಯೇ ಎಂದು ಇಣುಕಿದೆ.

ಕನ್ನಡದಲ್ಲಿ ಇಲ್ಲದ ಭೇದವೊಂದನ್ನು ಇಲ್ಲಿಯೇ ಕಲಿತುಬಿಡಬೇಕು. ‘ನಾವು’ ಎಂಬುದಕ್ಕೆ ತುಳುವಿನಲ್ಲಿ ಎರಡು ಪದಗಳಿವೆ. ಕೇಳುತ್ತಿರುವವರನ್ನೂ ಸೇರಿಸಿಕೊಂಡು ಹೇಳಿದರೆ ‘ನಮ’. ಅವರನ್ನು ಬಿಟ್ಟು, ನಾವಷ್ಟೇ ಎನ್ನುವಾಗ ‘ಎಂಕುಳು’. ಊಟಕ್ಕೆ ಹೊರಟ ಗುಂಪು ನಿಮ್ಮ ಮೇಜಿನ ಬಳಿ ನಿಂತು ಯಾವ ಪದ ಬಳಸಿತೆಂಬುದನ್ನು ಕೇಳಿಸಿಕೊಂಡರೆ ನೀವು ಏಳಬೇಕೇ ಕೂಡಬೇಕೇ ಎಂಬುದು ತಿಳಿಯುತ್ತದೆ.

ಬಾಯಿ ತೆರೆಯುವ ದಿನ

ಈಗ ಆರಿಸಿಕೊಂಡ ಜಾಗಕ್ಕೆ ಹೋಗಬೇಕು. ನನ್ನ ಜಾಗ ನಮ್ಮ ಬೀದಿಯ ತಿರುವಿನಲ್ಲಿ ಬುಟ್ಟಿಯಿಟ್ಟು ಮೀನು ಮಾರುತ್ತಿದ್ದ ಒಬ್ಬ ಹಿರಿಯ ಹೆಂಗಸಿನದು. ಅಲ್ಲಿಗೆ ಹೋಗುವ ಮೊದಲು ನಾಲ್ಕೇ ವಾಕ್ಯಗಳನ್ನು ಕಲಿತಿದ್ದೆ: ಇದಕ್ಕೆ ಎಷ್ಟು ಎನ್ನಲು “ಉಂದೆಕ್ ಏತ್?”, ಇದಕ್ಕೆ ತುಳುವಿನಲ್ಲಿ ಏನೆನ್ನುತ್ತಾರೆ ಎನ್ನಲು “ಉಂದೆಕ್ ತುಳುಟು ದಾದ ಪಣ್ಪೆರ್?”, ನಾನು ತುಳು ಕಲಿಯುತ್ತಿದ್ದೇನೆ ಎನ್ನಲು “ಯಾನ್ ತುಳು ಕಲ್ತೊಂದುಳ್ಳೆ”, ಮತ್ತು ಎಲ್ಲಕ್ಕಿಂತ ಮುಖ್ಯವಾಗಿ, ತುಳುವಿನಲ್ಲಿಯೇ ಮಾತಾಡಿ ಎನ್ನಲು “ತುಳುಟೇ ಪಾತೆರ್ಲೆ”. ಕೊನೆಯ ಈ ವಾಕ್ಯವಿಲ್ಲದೆ ಉಳಿದ ಮೂರೂ ವ್ಯರ್ಥ, ಏಕೆಂದರೆ ನೀವು ಎಷ್ಟೇ ಚೆನ್ನಾಗಿ ತುಳುವಿನಲ್ಲಿ ಕೇಳಿದರೂ ಉತ್ತರ ಕನ್ನಡದಲ್ಲಿ ಬರುತ್ತದೆ.

ಮೊದಲ ದಿನ ನಡೆದದ್ದು ಹೀಗೆ. ಬುಟ್ಟಿಯ ಮೇಲೆ ಹೊದಿಸಿದ್ದ ಪ್ಲಾಸ್ಟಿಕ್ ಹಾಳೆಯ ಅಂಚಿನಿಂದ ಮಳೆನೀರು ತೊಟ್ಟಿಕ್ಕುತ್ತಿತ್ತು. ನಾಡದೋಣಿಯವರು ತಂದಿದ್ದ ಬೂತಾಯಿ ಮಾತ್ರ ಇತ್ತು. ನಾನು “ಅಕ್ಕ, ಉಂದೆಕ್ ಏತ್?” ಎಂದೆ. ಅವರು ನನ್ನ ಮುಖ ನೋಡಿ “ನೂರು ರೂಪಾಯಿಗೆ ಇಪ್ಪತ್ತು, ತಗೊಳ್ಳಿ ಸರ್” ಎಂದು ಕನ್ನಡದಲ್ಲಿ ಹೇಳಿದರು. ನಾನು ಧೈರ್ಯ ತಂದುಕೊಂಡು ನಾಲ್ಕನೆಯ ವಾಕ್ಯವನ್ನು ಹೇಳಿದೆ. ಅವರು ಪಕ್ಕದ ಹೂವಿನವರ ಕಡೆ ತಿರುಗಿ ಏನೋ ಹೇಳಿ ನಕ್ಕು, ಬಳಿಕ ಚಿಕ್ಕ ಮಗುವಿಗೆ ಹೇಳಿಕೊಡುವಂತೆ ಎರಡು ಕೈಗಳ ಬೆರಳುಗಳನ್ನು ಬಿಡಿಸಿ ಎರಡು ಸಲ ತೋರಿಸಿ “ಇರ್ವ. ಇರ್ವ ಬೂತಾಯಿ, ನೂದು ರೂಪಾಯಿ” ಎಂದರು. ಮನೆಗೆ ಬರುವಾಗ ಇಪ್ಪತ್ತು ಮತ್ತು ನೂರು ನನ್ನವಾಗಿದ್ದವು. ಮಾರನೆಯ ವಾರ ಮುಪ್ಪ, ನಲ್ಪ, ಐವ ಬಂದವು. ಬಂಗುಡೆ, ಕಾಣೆ, ಅಂಜಲ್ ಎಂಬ ಮೀನುಗಳ ಗುರುತು ಆಗಸ್ಟಿನಲ್ಲಿ ದೊಡ್ಡ ದೋಣಿಗಳು ಕಡಲಿಗಿಳಿದ ಬಳಿಕ ಬಂತು. ಮೀನು ತಿನ್ನದವರು ತರಕಾರಿಯ ಅಂಗಡಿಯನ್ನೋ ಹೂವಿನವರನ್ನೋ ಹಿಡಿಯಬಹುದು. ಮಾಲುಗಳಲ್ಲಿ ಮತ್ತು ದೊಡ್ಡ ಅಂಗಡಿಗಳಲ್ಲಿ ಪ್ರಯತ್ನಿಸಬೇಡಿ. ಅಲ್ಲಿ ಬೆಲೆ ಚೀಟಿಯಲ್ಲಿರುತ್ತದೆ, ಮಾತಿಗೆ ಕಾರಣವೇ ಇರುವುದಿಲ್ಲ.

ಸಂಬೋಧನೆಯಲ್ಲಿ ಎಚ್ಚರ ಬೇಕು. ತುಳುವಿನಲ್ಲಿ ‘ಈ’ ಎಂದರೆ ನೀನು, ‘ಈರ್’ ಎಂದರೆ ಗೌರವದ ನೀವು. ಪಕ್ಕದ ಮನೆಯ ಮಕ್ಕಳಿಂದ ಭಾಷೆ ಕಲಿಯುವವರ ಬಾಯಿಗೆ ‘ಈ’ ಮೊದಲು ಹತ್ತುತ್ತದೆ, ಆಮೇಲೆ ಅದನ್ನು ಅಂಗಡಿಯ ಯಜಮಾನರ ಮೇಲೆ ಪ್ರಯೋಗಿಸಿ ಪೇಚಿಗೆ ಸಿಲುಕುತ್ತಾರೆ. ಹಾಗಾಗಿ ದೊಡ್ಡವರೆಲ್ಲರಿಗೂ ಈರ್ ಎನ್ನಿ. ಕ್ರಿಯಾಪದವನ್ನೂ ಅದಕ್ಕೆ ಹೊಂದಿಸಿ, ‘ಪೋಪ’ ಎನ್ನದೆ ‘ಪೋಪರ್’ ಎನ್ನಿ. ವಿಧಿರೂಪದಲ್ಲಿಯೂ ಹಾಗೆಯೇ: ಬಲ ಎಂಬುದು ಬಾ, ಬಲೆ ಎಂಬುದು ಬನ್ನಿ. ಎದುರಿಗಿಲ್ಲದ ಹಿರಿಯರ ಬಗ್ಗೆ ಹೇಳುವಾಗ ‘ಆರ್ ಪೋಪೆರ್’. ಪೋಪರ್, ಪೋಪೆರ್ ಎಂಬ ಎರಡರ ನಡುವಿನ ವ್ಯತ್ಯಾಸ ಮೊದಮೊದಲು ಬಾಯಿಗೆ ಸಿಗುವುದಿಲ್ಲ, ಸಿಗದಿದ್ದರೆ ಯಾರೂ ಸಿಟ್ಟಾಗುವುದಿಲ್ಲ.

‘ಸೊಲ್ಮೆಲು’ ಎಂಬ ವಂದನೆಯ ಪದವನ್ನು ಎಲ್ಲರೂ ಮೊದಲು ಕಲಿಸುತ್ತಾರೆ. ಅದು ಸಭೆಗಳಿಗೆ ಸರಿ. ದಾರಿಯಲ್ಲಿ ಸಿಕ್ಕವರು ಕೇಳುವುದು “ವಣಸ್ ಆಂಡಾ?” ಎಂದು, ಅಂದರೆ ಊಟವಾಯಿತೇ ಎಂದು. ಅದಕ್ಕೆ ‘ಆಂಡ್’ ಎಂದು ಉತ್ತರಿಸುವುದನ್ನು ಕಲಿತರೆ ಅರ್ಧ ಊರು ನಿಮ್ಮ ಪರವಾಗಿರುತ್ತದೆ.

ಬೇಡವೆನ್ನುವ ಬಗೆಗಳು

ವ್ಯಾಕರಣವನ್ನು ಎಲ್ಲಿಂದ ಹಿಡಿಯಬೇಕೆಂಬ ಪ್ರಶ್ನೆ ಸುಮಾರು ಎರಡನೆಯ ತಿಂಗಳಲ್ಲಿ ಬರುತ್ತದೆ. ಪುಸ್ತಕಗಳು ನಾಮಪದದ ವಿಭಕ್ತಿಯಿಂದ ಆರಂಭಿಸುತ್ತವೆ. ನನ್ನ ಸಲಹೆ ನಿಷೇಧದಿಂದ ಆರಂಭಿಸಿ ಎಂಬುದು, ಏಕೆಂದರೆ ಹೊಸಬನು ದಿನಕ್ಕೆ ಹತ್ತು ಸಲ ಹೇಳಬೇಕಾದುದು ಇಲ್ಲ, ಅಲ್ಲ, ಬೇಡ, ಗೊತ್ತಿಲ್ಲ, ಆಗುವುದಿಲ್ಲ ಎಂಬ ಮಾತುಗಳನ್ನೇ. ವಸ್ತು ಇಲ್ಲವಾದರೆ ‘ಇಜ್ಜಿ’, ಇದು ಅದಲ್ಲ ಎನ್ನಲು ‘ಅತ್ತ್’, ಬೇಡವೆನ್ನಲು ‘ಬೊಡ್ಚಿ’, ಗೊತ್ತಿಲ್ಲವೆನ್ನಲು ‘ಗೊತ್ತುಜ್ಜಿ’, ಆಗದು ಎನ್ನಲು ‘ಆಪುಜಿ’. ಕ್ರಿಯಾಪದಕ್ಕೂ ಅದೇ ಜಿಕಾರ ಅಂಟಿಕೊಳ್ಳುತ್ತದೆ: ಹೋಗುವುದಿಲ್ಲ ಎನ್ನಲು ಪೋಪುಜಿ, ಬರುವುದಿಲ್ಲ ಎನ್ನಲು ಬರ್ಪುಜಿ. ಈ ಒಂದು ಗಂಟು ಬಿಚ್ಚಿದರೆ ಇಡೀ ಕ್ರಿಯಾಪದದ ಸರಣಿ ತಾನಾಗಿ ಹತ್ತಿರ ಬರುತ್ತದೆ.

ಇನ್ನೊಂದು ವಿಷಯ ಭೂತಕಾಲದ್ದು. ಬಂದು ಹೋದ ಸಂಗತಿಗೂ, ಬಂದು ಇನ್ನೂ ಇಲ್ಲಿಯೇ ಇರುವ ಸಂಗತಿಗೂ ತುಳು ಬೇರೆ ರೂಪಗಳನ್ನು ಇಟ್ಟುಕೊಂಡಿದೆ. ‘ಆಯೆ ಬತ್ತೆ’ ಎಂದರೆ ಅವನು ಬಂದ. ‘ಆಯೆ ಬೈದೆ’ ಎಂದರೆ ಅವನು ಬಂದಿದ್ದಾನೆ. ಕನ್ನಡದಲ್ಲಿ ನಾವು ‘ಇದ್ದಾನೆ’ ಎಂದು ಸೇರಿಸಿ ಹೇಳುವುದನ್ನು ತುಳು ಒಂದೇ ಪದದಲ್ಲಿ ಮುಗಿಸುತ್ತದೆ. ಉಳಿದ ವ್ಯಾಕರಣವನ್ನು ಅಗತ್ಯ ಬಿದ್ದಂತೆ ನೋಡಿಕೊಳ್ಳಬಹುದು.

ಎಡಗಡೆಯ ಪುಟ

ಮೂರನೆಯ ತಿಂಗಳ ಹೊತ್ತಿಗೆ ಕಲಿಕೆ ನಿಂತುಹೋಗುತ್ತದೆ. ಇದು ನನಗೂ ಆಯಿತು, ನಾನು ಬಲ್ಲ ಇತರರಿಗೂ ಆಗಿದೆ. ಅಂಗಡಿಯ ವ್ಯವಹಾರಕ್ಕೆ ಬೇಕಾದಷ್ಟು ಬಂದಿರುತ್ತದೆ, ಅದಕ್ಕಿಂತ ಮುಂದೆ ಹೋಗುವ ಒತ್ತಡ ಇರುವುದಿಲ್ಲ, ಮಾಡಿದ ತಪ್ಪುಗಳನ್ನೇ ನಿರರ್ಗಳವಾಗಿ ಮಾಡುವ ಅಭ್ಯಾಸ ಬಲಿಯತೊಡಗುತ್ತದೆ. ಜನ ಅರ್ಥ ಮಾಡಿಕೊಳ್ಳುತ್ತಾರೆ, ತಿದ್ದುವುದಿಲ್ಲ. ದೊಡ್ಡವರ ಮಾತನ್ನು ತಿದ್ದುವುದು ಇಲ್ಲಿ ಅವಿನಯ.

ಇದಕ್ಕೆ ಒಬ್ಬರೊಡನೆ ಒಪ್ಪಂದ ಮಾಡಿಕೊಳ್ಳಬೇಕು. ನನ್ನ ಎದುರಿನ ಮೇಜಿನವರು ಬಂಟ್ವಾಳದ ಕಡೆಯವರು, ನನಗಿಂತ ಹದಿನೈದು ವರ್ಷ ಚಿಕ್ಕವರು. ದಿನಕ್ಕೆ ಒಂದೇ ತಪ್ಪನ್ನು, ಅದೂ ಸಂಜೆ ಐದು ಗಂಟೆಗೆ, ಯಾರೂ ಇಲ್ಲದಾಗ ಹೇಳಬೇಕೆಂದು ಅವರನ್ನು ಕೇಳಿಕೊಂಡೆ. ಅವರು ಒಂದು ವಾರ ಸಂಕೋಚದಿಂದ “ಎಲ್ಲ ಸರಿ ಉಂಟು ಸರ್” ಎನ್ನುತ್ತಿದ್ದರು. ಎಂಟನೆಯ ದಿನ, ತಡೆಯಲಾರದೆ, “ಸರ್, ನೀವು ಹೇಳುವ ಪತ್ತ್ ಹತ್ತು ಅಲ್ಲ, ಹಿಡಿ ಎಂದ ಹಾಗೆ ಕೇಳುತ್ತದೆ” ಎಂದರು. ಆ ಒಂದು ಮಾತಿನಿಂದ ಎಡಗಡೆಯ ಪುಟಗಳು ತುಂಬತೊಡಗಿದವು. ಅಲ್ಲಿ ನಾನು ಹೇಳಿದ ತಪ್ಪು, ಅದರ ಕೆಳಗೆ ಸರಿಯಾದ ರೂಪ, ಮತ್ತು ಅದು ಎಲ್ಲಿ ನಡೆಯಿತೆಂಬುದನ್ನು ಬರೆಯುತ್ತಿದ್ದೆ. ದಿನಕ್ಕೆ ಒಂದಕ್ಕಿಂತ ಹೆಚ್ಚು ತಿದ್ದುಪಡಿಗಳನ್ನು ಕೇಳಬೇಡಿ. ಹೇಳುವವರಿಗೂ ಬೇಸರ, ಕೇಳುವವರಿಗೂ ಮುಖಭಂಗ. ನಲವತ್ತು ದಾಟಿದವರಿಗೆ, ಅದರಲ್ಲಿಯೂ ಕಚೇರಿಯಲ್ಲಿ ಇತರರ ಕಡತವನ್ನು ತಿದ್ದುವ ಸ್ಥಾನದಲ್ಲಿರುವವರಿಗೆ, ಈ ಐದು ನಿಮಿಷಗಳೇ ಅತ್ಯಂತ ಕಠಿಣವಾದ ಪಾಠ.

ತಿದ್ದುವವರು ಯಾವ ಪ್ರದೇಶದವರು, ಯಾವ ಸಮುದಾಯದವರು ಎಂಬುದನ್ನು ಗಮನದಲ್ಲಿಡಿ, ಏಕೆಂದರೆ ತುಳು ಒಂದೇ ಅಚ್ಚಿನದಲ್ಲ. ತಲೆಗೆ ಒಂದು ಕಡೆ ‘ತರೆ’, ಮತ್ತೊಂದು ಕಡೆ ‘ಸರೆ’, ಇನ್ನೊಂದು ಕಡೆ ‘ಹರೆ’. ಶಿವಳ್ಳಿ ಬ್ರಾಹ್ಮಣರ ತುಳುವಿನ ಧಾಟಿಯೇ ಬೇರೆ. ಮೊದಲ ವರ್ಷ ಒಬ್ಬರದನ್ನೇ ಹಿಡಿದುಕೊಳ್ಳಿ. ಇಬ್ಬರು ಬೇರೆಬೇರೆಯಾಗಿ ಹೇಳಿದರೆ ಯಾರು ಸರಿ ಎಂಬ ವಾದಕ್ಕೆ ಇಳಿಯದೆ ಎರಡನ್ನೂ ಬರೆದುಕೊಳ್ಳಿ.

ಆಕರಗಳು

ಉಡುಪಿಯ ಎಂಜಿಎಂ ಕಾಲೇಜಿನ ರಾಷ್ಟ್ರಕವಿ ಗೋವಿಂದ ಪೈ ಸಂಶೋಧನ ಕೇಂದ್ರವು ಡಾ. ಯು. ಪಿ. ಉಪಾಧ್ಯಾಯರ ಸಂಪಾದಕತ್ವದಲ್ಲಿ 1988ರಿಂದ 1997ರ ವರೆಗೆ ಹೊರತಂದ ತುಳು ನಿಘಂಟು 6 ಸಂಪುಟಗಳಲ್ಲಿದೆ. ಒಂದೊಂದು ಪದಕ್ಕೂ ಪ್ರದೇಶ, ಸಮುದಾಯಗಳ ಪ್ರಕಾರ ರೂಪಭೇದಗಳನ್ನು ಅದರಲ್ಲಿ ಕೊಡಲಾಗಿದೆ. ಇದನ್ನು ಕೊಳ್ಳಬೇಕೆಂದಿಲ್ಲ, ದೊಡ್ಡ ಗ್ರಂಥಾಲಯದಲ್ಲಿ ಕುಳಿತು, ಎಡಗಡೆಯ ಪುಟದ ಗೊಂದಲಗಳನ್ನು ತಿಂಗಳಿಗೊಮ್ಮೆ ಬಗೆಹರಿಸಿಕೊಂಡರೆ ಸಾಕು. ಅದಕ್ಕಿಂತ ನೂರು ವರ್ಷಗಳ ಹಿಂದೆ, 1834ರಲ್ಲಿ ಮಂಗಳೂರಿನಲ್ಲಿ ಕೆಲಸ ಆರಂಭಿಸಿದ ಬಾಸೆಲ್ ಮಿಶನ್ ಎಂಬ ಯುರೋಪಿನ ಕ್ರೈಸ್ತ ಸಂಸ್ಥೆಯವರ ಪೈಕಿ ಬ್ರಿಗೆಲ್ ಎಂಬವರು 1872ರಲ್ಲಿ ತುಳು ವ್ಯಾಕರಣವನ್ನೂ, ಮ್ಯಾನರ್ ಎಂಬವರು 1886ರಲ್ಲಿ ತುಳು–ಇಂಗ್ಲಿಷ್ ನಿಘಂಟನ್ನೂ ಪ್ರಕಟಿಸಿದರು. ದ್ರಾವಿಡ ಭಾಷೆಯ ಗಾಳಿಯೂ ಸೋಕದ ಊರಿನಿಂದ ಬಂದವರು ಅವರು. ‘ಇಲ್ಲ್’ ಎಂಬುದನ್ನು ‘ಇಲ್ಲ’ ಎಂದು ತಪ್ಪು ಕೇಳಿಸಿಕೊಳ್ಳುವ ಅಪಾಯ ಅವರಿಗೆ ಇರಲಿಲ್ಲವೆಂದು ನಾನು ಆಗಾಗ ಅಸೂಯೆಪಡುತ್ತೇನೆ.

ಗೂಗಲ್ ಅನುವಾದದಲ್ಲಿ 2024ರಿಂದ ತುಳುವೂ ಇದೆ. ಬಿಡಿ ಪದಕ್ಕೆ ಅದನ್ನು ನೋಡಬಹುದು, ಇಡೀ ವಾಕ್ಯವನ್ನು ಅದರಿಂದ ಪಡೆದು ಯಾರ ಮುಂದೆಯೂ ಹೇಳಬೇಡಿ. ತುಳು ನಾಟಕಗಳ ಹಾಸ್ಯ ವೇಗವಾದದ್ದು, ಆರನೆಯ ತಿಂಗಳ ಬಳಿಕ ನೋಡಿ. ಪಾಡ್ದನಗಳೆಂಬ ಜನಪದ ಕಥನಗೀತೆಗಳ ಭಾಷೆ ಮತ್ತು ಕೋಲವೆಂಬ ದೈವಾರಾಧನೆಯಲ್ಲಿ ದೈವ ಆಡುವ ನುಡಿ ಇನ್ನೂ ದೂರದವು.

ಪುಕ್ಕಟೆಯಾಗಿ ಸಿಗುವ ಪಾಠಪುಸ್ತಕವೆಂದರೆ ಬಸ್ಸಿನ ಹಲಗೆ. ಪಡು ಎಂದರೆ ಪಶ್ಚಿಮ, ಮೂಡು ಎಂದರೆ ಪೂರ್ವ ಎಂದು ತಿಳಿದವರಿಗೆ ಪಡುಬಿದ್ರಿ ಕಡಲ ಕಡೆಗೂ ಮೂಡುಬಿದಿರೆ ಒಳನಾಡಿನ ಕಡೆಗೂ ಏಕಿವೆ ಎಂದು ಯಾರೂ ವಿವರಿಸಬೇಕಾಗಿಲ್ಲ. ಪದವು ಎಂದರೆ ಎತ್ತರದ ಬಯಲು, ಕುದ್ರು ಎಂದರೆ ನದಿಯ ನಡುಗಡ್ಡೆ, ಬೆಂಗ್ರೆ ಎಂದರೆ ನದಿಗೂ ಕಡಲಿಗೂ ನಡುವಿನ ಮರಳ ಪಟ್ಟಿ. ಮಂಗಳೂರಿಗೆ ತುಳುವರು ಕುಡ್ಲ ಎನ್ನುತ್ತಾರೆ, ಉಡುಪಿಗೆ ಒಡಿಪು.

ಲಿಪಿಯ ಮಾತು

ತುಳು ಲಿಪಿಯನ್ನೂ ಕೂಡಲೇ ಕಲಿಯಬೇಕೇ ಎಂದು ಉತ್ಸಾಹಿಗಳು ಕೇಳುತ್ತಾರೆ. ತುಳು–ತಿಗಳಾರಿ ಲಿಪಿಗೆ 2024ರಲ್ಲಿ ಕಂಪ್ಯೂಟರಿನಲ್ಲಿ ಲಿಪಿಗಳನ್ನು ಬರೆಯಲು ಬಳಸುವ ಯುನಿಕೋಡ್ ಎಂಬ ಮಾನದಂಡದ 16ನೆಯ ಆವೃತ್ತಿಯಲ್ಲಿ ಸ್ಥಾನ ಸಿಕ್ಕಿದೆ. ಮಂಗಳೂರಿನಲ್ಲಿ 1994ರಿಂದ ಇರುವ ಕರ್ನಾಟಕ ತುಳು ಸಾಹಿತ್ಯ ಅಕಾಡೆಮಿಯೂ ಲಿಪಿಯ ಕಲಿಕೆಗೆ ಪ್ರೋತ್ಸಾಹ ಕೊಡುತ್ತಿದೆ. ಆದರೂ ಇಂದು ನೀವು ಓದಬೇಕಾದ ತುಳು ಬರಹ ಬಹುಮಟ್ಟಿಗೆ ಕನ್ನಡ ಲಿಪಿಯಲ್ಲಿಯೇ ಇದೆ, ಆದ್ದರಿಂದ ಮೊದಲ ವರ್ಷ ಲಿಪಿಯ ಗೊಡವೆ ಬೇಡವೆಂಬುದು ನನ್ನ ಅಭಿಪ್ರಾಯ. ಲಿಪಿ ಕಲಿತ ಸಂತೋಷದಲ್ಲಿ ಮಾತಾಡುವುದನ್ನೇ ಮುಂದೂಡಿದ ಒಬ್ಬರನ್ನು ನಾನು ಬಲ್ಲೆ; ಅವರು ತಮ್ಮ ಹೆಸರನ್ನು ಬಹಳ ಚೆಂದವಾಗಿ ಬರೆಯುತ್ತಾರೆ, ಆಟೋದವರೊಡನೆ ಇಂದಿಗೂ ಹಿಂದಿಯಲ್ಲಿ ಮಾತಾಡುತ್ತಾರೆ.

ನನ್ನ ನಾಲ್ಕನೆಯ ಪುಸ್ತಕ ಈಗ ನಡೆಯುತ್ತಿದೆ. ಬಲಗಡೆಯ ಪುಟಗಳಲ್ಲಿ ಬರೆಯುವುದು ಕಡಿಮೆಯಾಗಿದೆ, ಎಡಗಡೆಯವು ಹಾಗೆಯೇ ತುಂಬುತ್ತಿವೆ. ಹೋದ ವಾರ ಮೀನಿನ ಅಕ್ಕನ ಬಳಿ ಘಟ್ಟದ ಮೇಲಿನಿಂದ ಹೊಸದಾಗಿ ಬಂದ ಹುಡುಗನೊಬ್ಬ ನಿಂತಿದ್ದ; ಅವರು ಅವನಿಗೆ ಕನ್ನಡದಲ್ಲಿ ಬೆಲೆ ಹೇಳಿ, ನನ್ನ ಕಡೆ ತಿರುಗಿ “ಈರ್ ಪಣ್ಲೆ, ಮೆರೆಗ್ ತುಳು ಬರ್ಪುಜಿ” ಎಂದರು. ‘ಮೆರೆಗ್’ ಎಂದರೆ ಇವರಿಗೆ ಎಂದು ಅಲ್ಲಿಯೇ ನಿಂತು ಬರೆದುಕೊಂಡೆ.